ಕತ್ತಲ ಕಡೆಗೆ ಹೊರಟ ಐದು ಬಳ್ಳಿಗಳು

ಬೆಳಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದಿಂದ ರಂಗಮಂದಿರದಲ್ಲಿ ನಾಟಕಗಳಿಗೆ ದೀಪ ಕಟ್ಟುತ್ತಿದ್ದೇನೆ. ಎಂಥ ಸೊಟ್ಟ ಮೂಗನ್ನೂ ನೆಟ್ಟಗೆ ತೋರಿಸಿಕೊಟ್ಟಿದ್ದೇನೆ. ಹಾಗಾಗಿ ಅಕ್ಕ ಫೋನ್ ಮಾಡಿ, "ಒಂದ್ಸಲ ಬಂದು ಹೋಗೇ, ನನ್ನ ಬಳ್ಳಿಗಳಿಗೆ ಬೆಳಕು ಸಾಲ್ತಿಲ್ಲ ಅನ್ಸತ್ತೆ" ಅಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಕೊನೆಗೂ ಇವಳಿಗೆ ನನ್ನ ಬೆಲೆ ತಿಳಿಯಿತಲ್ಲ ಅಂದುಕೊಂಡೆ.

ಅಕ್ಕ ಸಸ್ಯೋದ್ಯಾನದ ಗಾಜಿನಮನೆಯಲ್ಲಿ ಸಸಿ ಬೆಳೆಸುವವಳು. ದಟ್ಟ ಕಾಡಿನ ಒಂದು ಬಳ್ಳಿಯನ್ನು ಹನ್ನೊಂದು ವರ್ಷ ಸಾಕಿ, ಹೋದ ವರ್ಷ ಅತಿಯಾಗಿ ನೀರು ಹಾಕಿ ಬೇರು ಕೊಳೆಸಿಬಿಟ್ಟಿದ್ದಳು. ಅದರ ಕೊನೆಯ ಕಾಯಿಯಿಂದ ಐದು ಸಸಿ ಹುಟ್ಟಿದ್ದವು, ದಾರದಷ್ಟು ಸಣ್ಣವು. ಎರಡು ತಿಂಗಳಲ್ಲಿ ಅವು ಎದ್ದು ನಿಲ್ಲದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ, ಮೇಜನ್ನು ಜರೀಗಿಡಗಳಿಗೆ ಬಿಟ್ಟುಕೊಡಬೇಕು ಎಂದು ಮೇಲ್ವಿಚಾರಕರು ಹೇಳಿದ್ದರು.

"ಇವೂ ಹೋದ್ರೆ ಆ ಬಳ್ಳಿ ಕೊಂದವಳು ಅನ್ನೋ ಹೆಸರೊಂದೇ ನನಗೆ ಉಳಿಯೋದು," ಅಂದಳು ಅಕ್ಕ. ಸಸಿಗಳಿಗೆ ನೀರು ಹಾಕಲೂ ಬೇರೆಯವರನ್ನೇ ಕರೆಯುತ್ತಿದ್ದಳು. ತನ್ನ ಕೈ ಕಂಡರೆ ತನಗೇ ಹೆದರಿಕೆ.

"ಅಳ್ಬೇಡ ಸುಮ್ನಿರು. ನಾನು ಬಂದಿದೀನಲ್ಲ," ಅಂದೆ.

ನಾಟಕವಿಲ್ಲದ ಸೋಮವಾರ ನೋಡಿ, ಬಿಸಿಯಾಗದ ಎರಡು ದೀಪಗಳನ್ನು ಮೇಜಿನ ಎಡಕ್ಕೆ ಕಟ್ಟಿಕೊಟ್ಟೆ. ಮುಂದಿನ ಸೋಮವಾರ ಹೋದರೆ ಐದಕ್ಕೆ ಐದೂ ನನ್ನ ದೀಪಕ್ಕೆ ಬೆನ್ನು ಹಾಕಿಕೊಂಡು ಮಲಗಿದ್ದವು! ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದಲ್ಲಿ ಯಾವ ನಟನೂ ನನಗೆ ಹೀಗೆ ಮಾಡಿರಲಿಲ್ಲ. ದೀಪಗಳನ್ನು ಬಲಕ್ಕೆ ತಿರುಗಿಸಿ, ಮೂರನೆಯದೊಂದನ್ನೂ ಸೇರಿಸಿದೆ. ಅಕ್ಕ ಕೂರುವ ಕಡೆ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಮೇಜಿನ ತುದಿಗೆ ರಂಗಮಂದಿರದ ಒಂದು ಕಪ್ಪು ಬಟ್ಟೆ ಇಳಿಬಿಟ್ಟು ಬಂದೆ.

ಮೂರನೆಯ ಸೋಮವಾರ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸಸಿಗಳು ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ಐದೂ ಆ ಬಟ್ಟೆಯ ಕಡೆಗೆ ಹೊರಟಿದ್ದವು. ಮುಂದಿದ್ದದ್ದು ಆಗಲೇ ಅದರತ್ತ ಒಂದು ಬೆರಳಷ್ಟು ಸರಿದಿತ್ತು.

"ಅಕ್ಕಾ, ಇದು ಕಾಡಲ್ಲಿ ಯಾವುದರ ಮೇಲೆ ಹತ್ತತ್ತೆ?"

"ದಪ್ಪ ಮರದ ಮೇಲೆ. ಯಾಕೆ?"

"ನೆಲದಲ್ಲಿ ಬಿದ್ದಿರೋ ಬೀಜಕ್ಕೆ ದಪ್ಪ ಮರ ಹೇಗೆ ಕಾಣತ್ತೆ ಹೇಳು? ಕಪ್ಪಗೆ! ಸುತ್ತಮುತ್ತ ಎಲ್ಲಕ್ಕಿಂತ ಕಪ್ಪಗೆ! ಇವು ಬೆಳಕಿಗೆ ಹೆದರಿ ಓಡ್ತಿಲ್ಲ ಕಣೇ, ಮರ ಹುಡುಕ್ತಿವೆ. ಮೊದಲು ಮರ, ಆಮೇಲೆ ಬೆಳಕು!"

ನಾನು ಕೂಗಿದ ಜೋರಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ನೋಡಲಿ ಬಿಡಿ.

ಇಬ್ಬರೂ ಏದುಸಿರು ಬಿಡುತ್ತಾ ಹಿತ್ತಿಲಿನಿಂದ ಒಂದು ದಪ್ಪ ಕಪ್ಪು ದಿಮ್ಮಿಯನ್ನು ಹೊತ್ತು ತಂದೆವು. ಬಟ್ಟೆಯಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿದೆವು. ಇನ್ನು ದೀಪ ಆರಿಸಬೇಕು, ಕಿಟಕಿಯ ಮಂಕು ಬೆಳಕು ಸಾಕು ಅಂದೆ. ಅಕ್ಕ ಸ್ವಿಚ್ಚುಗಳಿಗೆ ಅಡ್ಡ ಬಂದು ನಿಂತಳು.

"ಇರೋ ಬೆಳಕೂ ತೆಗೆದು, ಅವು ಸತ್ತುಹೋದ್ರೆ?"

"ಸಾಯಲ್ಲ."

"ಹಾಗಾದ್ರೆ ನೀನೇ ಆರಿಸು. ನನ್ನ ಕೈಯಲ್ಲಾಗಲ್ಲ."

"ಸಸಿ ನಿನ್ನದು. ನೀನೇ ಆರಿಸು," ಅಂದೆ. ಗಟ್ಟಿಯಾಗಿಯೇ ಅಂದೆ. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿ, ಒಂದೊಂದಾಗಿ ಮೂರೂ ಸ್ವಿಚ್ಚು ಆರಿಸಿದಳು.

ಆಮೇಲಿನ ಐದು ವಾರ ಅವಳ ಫೋನಿನ ಕಾಟ ಹೇಳತೀರದು. ಇವತ್ತು ಇಷ್ಟು ಮುಂದೆ ಹೋಗಿವೆ, ಇವತ್ತು ಅಲುಗಾಡಿಲ್ಲ, ಒಂದು ಸಸಿ ಅರ್ಧ ದಾರಿಯಲ್ಲೇ ಒಣಗಿತು ಕಣೇ, ಏನ್ಮಾಡ್ಲಿ? "ನಾಲ್ಕಿವೆಯಲ್ಲ, ಅವನ್ನು ನೋಡ್ಕೋ," ಎಂದು ಗದರಿಸುತ್ತಿದ್ದೆ. ಆ ನಾಲ್ಕೂ ದಿಮ್ಮಿಯನ್ನು ಮುಟ್ಟಿ, ಸಣ್ಣ ಬೇರುಗಳಿಂದ ಬಿಗಿಯಾಗಿ ಕಚ್ಚಿಕೊಂಡು, ತಲೆ ಮೇಲೆತ್ತಿದ ದಿನ ನಾನೇ ಏಣಿ ಹತ್ತಿ ಒಂದೇ ಒಂದು ದೀಪವನ್ನು ಎತ್ತರದಲ್ಲಿ ಕಟ್ಟಿದೆ. ಈ ಸಲ ಅವು ಬೆನ್ನು ಹಾಕಲಿಲ್ಲ. ಹತ್ತೇ ದಿನದಲ್ಲಿ ಅಂಗೈಯಷ್ಟು ಅಗಲದ ಎಲೆ ಬಿಟ್ಟವು.

ಗಡುವಿನ ದಿನ ಮೇಲ್ವಿಚಾರಕರು ಬಂದರು. ಕನ್ನಡಕ ತೆಗೆದು, ಹಾಕಿಕೊಂಡು, ಎಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಮೇಜು ಇಲ್ಲೇ ಇರಲಿ. ಜರೀಗಿಡಕ್ಕೆ ಬೇರೆ ಜಾಗ ನೋಡ್ತೀನಿ," ಎಂದು ಹೊರಟುಹೋದರು. ಇದು ಯಾರ ಬುದ್ಧಿ ಎಂದು ಅವರು ಕೇಳಲಿಲ್ಲ. ಕೇಳಿದರೆ ಹೇಳಲು ಎರಡು ತಿಂಗಳ ಕಥೆಯನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ನಿಂತಿದ್ದೆ.

ಅಕ್ಕ ನೀರಿನ ಡಬ್ಬ ತೆಗೆದುಕೊಂಡಳು. ಯಾರನ್ನೂ ಕರೆಯದೆ, ತಾನೇ ನಾಲ್ಕು ಬುಡಕ್ಕೂ ಇಷ್ಟಿಷ್ಟೇ ಹನಿಸಿದಳು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅಳತೊಡಗಿದಳು.

"ನನ್ನ ಕೈಯಲ್ಲಿ ಸತ್ತಿದ್ದು ನನ್ನ ಕೈಯಲ್ಲೇ ಬದುಕ್ತಲ್ಲೇ," ಅಂದಳು.

ನಿನ್ನ ಕೈಯಲ್ಲಾ? ಬಟ್ಟೆ ಯಾರದು, ದೀಪ ಯಾರದು, ಮರ ಹುಡುಕ್ತಿವೆ ಅಂತ ಕೂಗಿದ್ದು ಯಾರು? ಮಾತು ಗಂಟಲವರೆಗೂ ಬಂದಿತ್ತು. ಅವಳು ತನ್ನ ಎರಡೂ ಅಂಗೈ ಬಿಡಿಸಿಕೊಂಡು ನೋಡುತ್ತಿದ್ದಳು.

"ಹೂಂ ಕಣೇ, ನಿನ್ನ ಕೈಯಲ್ಲೇ," ಅಂದೆ.