ಹಾಲಮ್ಮನ ಒಂದು ಸಿರಿಂಜ್ ರಕ್ತ

ಹೇಗೆ ಶುರು ಮಾಡಲಿ? ಈಸೂರು ಎಂದರೆ ಸಾಕು, ನೀವು ನಲವತ್ತೆರಡರ ದಂಗೆಗೆ ಕಿವಿ ನಿಮಿರಿಸುತ್ತೀರಿ. ಇದು ಆ ಕಥೆಯಲ್ಲ. ಈಸೂರಿನ ಹಾಲಮ್ಮನ ತೋಳಿನಿಂದ ತೆಗೆದ ಒಂದು ಸಿರಿಂಜ್ ರಕ್ತದ ಕಥೆ. (ಮೊದಲ ಡ್ರಾಫ್ಟಿನಲ್ಲಿ ಹಾಲಮ್ಮ ಅಳುತ್ತಿದ್ದಳು. ಹರಿದು ಹಾಕಿದೆ. ಆಕೆ ಅಳುವವಳಲ್ಲ.)

1
ಯಾವುದೋ ಜ್ವರದ ಸಂಶೋಧನೆಯವರು ಬಿಸಿಲಲ್ಲಿ ಬಂದರು. ಹಾಲಮ್ಮ ಮಜ್ಜಿಗೆ ಕೊಟ್ಟಳು, ಕುಡಿದರು. ಆಮೇಲೆ ರಕ್ತ ಕೇಳಿದರು. ಮನೆಯಲ್ಲಿ ಕುಡಿದು ಲೋಟ ಕೆಳಗಿಟ್ಟವರಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ತೋಳು ಚಾಚಿದಳು. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ಹೋದರು.

2
(ಇಲ್ಲಿ ನನ್ನ ಭಾಷಣವಿತ್ತು. ತೆಗೆದಿದ್ದೇನೆ.)

3
ಈಗ ರಕ್ಷಿತಾ. ಸೊರಬದ ಹುಡುಗಿ. ಸಂಶೋಧನೆಯ ನೀತಿ-ನಿಯಮ ಕಲಿಸುವವರು ಹಳ್ಳಿಗಾಡಿನಲ್ಲೂ ಇರಬೇಕೆಂದು ರಕ್ತ ಒಯ್ದ ಅದೇ ಸಂಸ್ಥೆ ಅವಳನ್ನು ಬೆಂಗಳೂರಿಗೆ ಕರೆಸಿತು. ಎಸಿ ಹಾಲ್, ಸ್ಲೈಡ್, ಊಟ, ಗ್ರೂಪ್ ಫೋಟೋ. ಅವರ ಭಾಷೆಯಲ್ಲಿ ‘ಸಾಮರ್ಥ್ಯ ನಿರ್ಮಾಣ’ ಮುಗಿಯಿತು! ಯಾರು ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಸಂಶೋಧನೆಯಿಂದ ಹಿಂದೆ ಸರಿಯಬಹುದು ಎಂದು ಸ್ಲೈಡಿನಲ್ಲಿತ್ತು. ಹುಚ್ಚು ಹುಡುಗಿ ನಂಬಿಬಿಟ್ಟಳು. ಶಿಕಾರಿಪುರದಲ್ಲಿ ಹೆಂಗಸರನ್ನು ಕೂರಿಸಿಕೊಂಡು ಅದನ್ನೇ ಕಲಿಸಿದಳು.

ಕೂತವರ ನಡುವಿನಿಂದ ಹಾಲಮ್ಮ ಎದ್ದು ನಿಂತಳು. "ಹಂಗಾರ ನನ್ ರಕ್ತ ಬಳಸಬ್ಯಾಡ್ರಿ. ಅವತ್ತು ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ."

ರಕ್ಷಿತಾ ಕೂಡಲೇ ಆ ಸಂಸ್ಥೆಯ ಮುಖ್ಯಸ್ಥ ತೀರ್ಥೇಶ್‌ಗೆ ಫೋನ್ ಮಾಡಿದಳು.

"ಅದು ಟ್ರೈನಿಂಗ್ ಕಣಮ್ಮ, ಇದು ಫೀಲ್ಡ್. ಒಬ್ಬರನ್ನ ಬಿಟ್ರೆ ಊರೇ ಎದ್ದು ಬರುತ್ತೆ."

"ಬರ್ಲಿ ಸರ್. ಅದನ್ನೇ ತಾನೆ ನೀವು ಕಲಿಸಿದ್ದು?"

ಫೋನ್ ಕಟ್ಟಾಯಿತು. ನನಗೆ ಮೈಯೆಲ್ಲ ಉರಿಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಹಳ್ಳಿಯವರಿಗೆ ಹಕ್ಕು ಗೊತ್ತಿಲ್ಲ ಎಂದು ದೇಣಿಗೆ ತರುವವರೂ ಇವರೇ, ಗೊತ್ತಾದ ದಿನ ಫೋನಿಡುವವರೂ ಇವರೇ.

4
ಅಂತ್ಯ ಒಂದು: ತೀರ್ಥೇಶ್ ಕ್ಷಮೆ ಕೇಳುತ್ತಾನೆ. (ನಗಬೇಡಿ.)

ಅಂತ್ಯ ಎರಡು: ರಕ್ಷಿತಾ ಕೆಲಸ ಬಿಡುತ್ತಾಳೆ. "ನಾನ್ಯಾಕೆ ಬಿಡ್ಲಿ ಸರ್? ಅವ್ರು ಬಿಡ್ಲಿ" ಎಂದು ನನ್ನ ಡ್ರಾಫ್ಟ್ ಓದಿದ ಅವಳೇ ಗೀಟೆಳೆದಳು.

ಅಂತ್ಯ ಮೂರು, ನನ್ನ ಮುದ್ದಿನದು: ಹಾಲಮ್ಮ ಲ್ಯಾಬಿಗೆ ನುಗ್ಗಿ ಆ ಟ್ಯೂಬನ್ನು ನೆಲಕ್ಕೆ ಬಡಿಯುತ್ತಾಳೆ. ಹಿಗ್ಗಿನಿಂದ ಆಕೆಗೇ ಓದಿ ಹೇಳಿದೆ.

"ಇದನ್ನ ಹಾಕಬ್ಯಾಡ್ರಿ."

"ಯಾಕ್ರೀ? ನಿಮ್ಮ ಪರವಾಗೇ ಬರ್ದಿದೀನಿ!"

"ಅವ್ರೂ ನಮ್ಮ ಒಳ್ಳೇದಕ್ಕ ಅಂತನ ಬಂದಿದ್ರು. ಆಗಿದ್ದು ಬರಕಳ್ರಿ. ನಾ ಮಾಡದಿದ್ದದ್ದು ನನ್ ಹೆಸರಿಗೆ ಬ್ಯಾಡ. ಯಾಕ ಅಂತ ಕೇಳೂ ಹಂಗಿಲ್ಲ, ಆ ಹುಡುಗಿ ಹೇಳ್ಯಾಳ."

ಸಿಟ್ಟು ಬಂತು. ಆದರೂ ಆ ಅಂತ್ಯವನ್ನು ಹೊಡೆದು ಹಾಕಿದೆ. ನೀವೂ ಓದಿಲ್ಲ ಎಂದುಕೊಳ್ಳಿ. ಆಗಿದ್ದು ಇಷ್ಟೇ: ರಕ್ತ ಇನ್ನೂ ಅವರ ಫ್ರೀಜರಿನಲ್ಲಿದೆ, ರಕ್ಷಿತಾ ಮತ್ತೆ ಫೋನ್ ಮಾಡುತ್ತಿದ್ದಾಳೆ, ರಿಂಗಾಗುತ್ತಿದೆ. ಎತ್ತಯ್ಯಾ, ತೀರ್ಥೇಶ್!