ಐವತ್ನಾಲ್ಕರ ಜಾಗ

ಕಾಫಿ ಲೋಟದ ಕೆಳಗೆ ಮರದ ಬಿಲ್ಲೆ, ಅಂಚು ಸುಟ್ಟು ಕಂದಾಗಿದೆ, ನಟ್ಟನಡುವೆ ಬೆರಳು ತೂರದಷ್ಟು ಸಣ್ಣ ತೂತು, ಮೂರು ದಿನದಿಂದ ಅಣ್ಣ ಅದನ್ನೇ ಲೋಟಕ್ಕೆ ಮಣೆ ಮಾಡಿಕೊಂಡಿದ್ದಾನೆ, ಬೇಕೆಂದೇ ಇಟ್ಟನೋ ಜೇಬಿನಲ್ಲಿ ಸಿಕ್ಕಿತೆಂದು ಇಟ್ಟನೋ, ಕೇಳಲು ನನಗೆ ಬಾಯಿಲ್ಲ — ಇರಲಿ, ಬಿಲ್ಲೆಯ ಕಡೆ ನೋಡಬಾರದು, ಪೆಟ್ಟಿಗೆಯ ಕಡೆ ನೋಡಬೇಕು, ಏಳೂಕಾಲು ಆಯಿತು, ಒಂಬತ್ತಕ್ಕೆ ಅಲ್ಲಿರಬೇಕು, ಹೊಸ ಆಸ್ಪತ್ರೆಯಲ್ಲಿ ಉಳಿದಿರುವುದು ಹದಿಮೂರು ಬಾಗಿಲು, ಹದಿಮೂರು ಬೀಗ, ಹದಿಮೂರು ತೂತು. ಹಳೆಯ ಟವೆಲಿನ ಮೇಲೆ ಹನ್ನೊಂದು ಬಳೆ ಒರೆಸಿ ಹರಡಿದ್ದೇನೆ. ಲೋಕದವರು ಹೋಲ್ ಸಾ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಬಳೆ, ಒಂದು ಅಂಚಿಗೆ ಹಲ್ಲಿರುವ ಉಕ್ಕಿನ ಬಳೆ, ಡ್ರಿಲ್ಲಿನ ಮೂತಿಗೆ ಸಿಕ್ಕಿಸಿದರೆ ಗರಗರ ತಿರುಗಿ ಮರದಲ್ಲಿ ದುಂಡಗೆ ತೂತು ತೆಗೆಯುತ್ತದೆ, ತೆಗೆದ ಬಿಲ್ಲೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಅಣ್ಣನ ಜೊತೆ ಕೆಲಸಕ್ಕೆ ಹೋದಾಗ ಗಡಿಯಾರ ಕೇಳಿದ್ದ — ಗಡಿಯಾರ ಅಂದರೆ ನಮ್ಮ ಗುತ್ತಿಗೆದಾರ, ಮಾತು ಶುರುಮಾಡುವ ಮೊದಲು ಮಣಿಕಟ್ಟು ನೋಡಿಕೊಳ್ಳುವವನು, ತನ್ನ ಮದುವೆಯಲ್ಲೂ ನೋಡಿಕೊಂಡಿದ್ದನಂತೆ — ಏನ್ರೀ, ಬಳೆ ತೊಟ್ಟ ಕೈಗೆ ಡ್ರಿಲ್ ಕೊಡ್ತೀರಾ, ಅಂತ, ಅಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿ, ನಮ್ಮ ಪೆಟ್ಟಿಗೇಲಿರೋದೆಲ್ಲ ಬಳೆನೇ ಸಾರ್, ಹಲ್ಲಿರೋ ಬಳೆ, ನೀವೂ ಒಂದು ತೊಟ್ಟು ನೋಡ್ತೀರಾ ಅಂದ, ಗಡಿಯಾರ ಗಡಿಯಾರ ನೋಡಿಕೊಂಡ, ಅವತ್ತಿನಿಂದ ನಾನೂ ಕೆಲಸದವಳು. ಹನ್ನೊಂದಕ್ಕೂ ಅಣ್ಣ ಹೆಸರಿಟ್ಟಿದ್ದಾನೆ, ಇಪ್ಪತ್ತೈದು ಮಿಲಿಮೀಟರಿನದು ಪುಟ್ಟಿ, ಐವತ್ನಾಲ್ಕರದು ಯಜಮಾನ್ತಿ, ಯಾಕೆಂದರೆ ಬಾಗಿಲಿನ ಬೀಗಕ್ಕೆಲ್ಲ ಅವಳೇ ಬೇಕು, ಅವಳಿಲ್ಲದೆ ಮನೆ ನಡೆಯುವುದಿಲ್ಲ, ಅರವತ್ನಾಲ್ಕರದು ಸೋದರಮಾವ, ವರ್ಷಕ್ಕೊಂದು ಸಲ ಯಾವುದೋ ಪೈಪಿಗಾಗಿ ಬರುವುದು, ಬಂದರೆ ಜಾಗವೆಲ್ಲ ಅವನದೇ. ಬಳೆಗಳ ಬೆನ್ನ ಮೇಲೆ ಅಳತೆ ಕೆತ್ತಿರುತ್ತದೆ, ಉಜ್ಜಿ ಉಜ್ಜಿ ಅರ್ಧ ಅಳಿಸಿಹೋಗಿದೆ, ಅಣ್ಣ ಅದನ್ನು ಓದುವವನೂ ಅಲ್ಲ, ಅವನ ಓದೆಲ್ಲ ಕೈಯಲ್ಲಿ, ಯಾವ ಬಳೆ ಯಾವ ಮೂಲೆ ಅಂತ.

ಅದೇ ನನಗೆ ತಿಳಿಯದೆ ಹೋದದ್ದು, ಅಥವಾ ತಿಳಿದೂ ಮರೆತದ್ದು, ಅವನ ಜೋಡಣೆಗೆ ತಲೆಬುಡವಿಲ್ಲ ಅಂದುಕೊಂಡಿದ್ದೆ — ಪುಟ್ಟಿ ಪೆಟ್ಟಿಗೆಯ ಹಿಡಿಯ ಪಕ್ಕ, ಅದರಾಚೆ ಎಪ್ಪತ್ತಾರು, ಮತ್ತೆ ಇಪ್ಪತ್ತು, ಮಾವ ತಳದಲ್ಲಿ ಚಿಂದಿಬಟ್ಟೆಯ ಕೆಳಗೆ ಮಲಗಿರುತ್ತಾನೆ, ಯಜಮಾನ್ತಿ ಮೇಲಿನ ತಟ್ಟೆಯ ಬಲಮೂಲೆಯಲ್ಲಿ, ಇದೇನು ಪೆಟ್ಟಿಗೆಯೋ ಸಂತೆಯೋ. ಭಾನುವಾರ ಮಧ್ಯಾಹ್ನ ಅಣ್ಣ ನಿದ್ದೆ ಮಾಡುತ್ತಿದ್ದ, ನಾನು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ, ಹಲ್ಲುಗಳ ಸಂದಿಯಿಂದ ಟೂತ್‌ಬ್ರಷ್ಷಿನಲ್ಲಿ ಹೊಟ್ಟು ತೆಗೆದೆ, ಅದು ಅಣ್ಣನದೇ ಟೂತ್‌ಬ್ರಷ್ ಅಂತ ಅತ್ತಿಗೆ ಆಮೇಲೆ ಹೇಳಿದಳು, ಒರೆಸಿ, ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಕ್ಕೆ ಎರಡು ಸಾಲು ಮಾಡಿ ಜೋಡಿಸಿದೆ, ಅಂಗಡಿಯಲ್ಲಿ ಇಡುತ್ತಾರಲ್ಲ ಹಾಗೆ, ಎಷ್ಟು ಚಂದ ಕಂಡಿತು, ದೂರ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ, ಫೋಟೋ ಕೂಡ ತೆಗೆದೆ ನಾಚಿಕೆಗೆಟ್ಟವಳು, ಅಣ್ಣನಿಗೆ ಹೇಳಲಿಲ್ಲ, ತಾನೇ ನೋಡಿ ಭೇಷ್ ಅನ್ನಲಿ ಅಂತ. ಮೇಲಿನ ಸಾಲಿನ ಲೆಕ್ಕ ಮುಗಿದದ್ದು ಅರವತ್ನಾಲ್ಕಕ್ಕೆ. ಬಲಮೂಲೆ. ಯಜಮಾನ್ತಿಯ ಜಾಗದಲ್ಲಿ ಸೋದರಮಾವನನ್ನು ಕೂರಿಸಿದೆ, ಚೊಕ್ಕಟವಾಗಿ ಕೂರಿಸಿದೆ. ಸೋಮವಾರ ಮೊದಲ ಬಾಗಿಲು, ನಡುಬಿಂದು ಗುರುತು ಹಾಕಿದವಳು ನಾನೇ, ಅಣ್ಣ ಯಾವುದೋ ಬೀಗದವನ ಕಥೆ ಹೇಳುತ್ತಿದ್ದ, ತನ್ನ ಮನೆಯ ಬೀಗದ ಕೈ ಕಳೆದುಕೊಂಡು ತನ್ನ ಅಂಗಡಿಗೇ ಫೋನ್ ಮಾಡಿದನಂತೆ, ಕಥೆ ಹೇಳುತ್ತಲೇ ಕೈ ಬಲಮೂಲೆಗೆ ಹೋಯಿತು, ತೆಗೆಯಿತು, ಸಿಕ್ಕಿಸಿತು, ಕೈ ತನ್ನ ಕೆಲಸ ತಪ್ಪದೆ ಮಾಡಿತು, ತಪ್ಪಿದ್ದು ಮೂಲೆ. ಬಾಗಿಲನ್ನು ಒಂದೇ ಕಡೆಯಿಂದ ಪೂರ್ತಿ ಕೊರೆಯಬಾರದು, ಹಿಂದಿನ ಪದರ ಸಿಗಿದುಹೋಗುತ್ತದೆ, ಬಳೆಯ ನಡುವಿನ ಸೂಜಿ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಆಚೆ ಹೋಗಿ, ಆ ಸೂಜಿತೂತನ್ನೇ ಹಿಡಿದು ಉಳಿದರ್ಧ ಕೊರೆಯಬೇಕು, ಅಣ್ಣ ಆಚೆ ಹೋದ, ಬಾಗಿಲು ಅಲುಗಾಡದಂತೆ ನಾನು ಈಚೆ ಹಿಡಿದು ನಿಂತೆ, ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡಿದ್ದೆ, ಗರಗರ, ಹೊಟ್ಟು, ಸುಟ್ಟ ವಾಸನೆ, ಟಕ್ ಅಂತ ಬಿಲ್ಲೆ ಬಿಟ್ಟುಕೊಂಡ ಸದ್ದು, ಬಳೆ ಹಿಂದಕ್ಕೆ ಸರಿಯಿತು, ಬೆಳಕು ಬಂತು, ಮತ್ತೆ ತೂತಿನಾಚೆ ಅಣ್ಣನ ಕಣ್ಣು. ಒಂದೇ ಕಣ್ಣು, ಮೇಲೊಂದು ಬಿಳಿಯ ಹುಬ್ಬುಕೂದಲು. ಅದು ತೂತನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ತೂತನ್ನು, ಒಂದು ಸಲ ಮುಚ್ಚಿ ತೆರೆಯಿತು. ಬೀಗದ ತಟ್ಟೆ ಇಟ್ಟು ನೋಡುವುದೇ ಬೇಡ, ಕಿರುಬೆರಳಗಲ ಜಾಸ್ತಿ, ಸ್ಕ್ರೂ ಕಚ್ಚಲು ಮರವೇ ಇಲ್ಲ, ಬಾಗಿಲು ಹೋಯಿತು. ಅಷ್ಟರಲ್ಲಿ ಗಡಿಯಾರ ಬಂದ, ತೂತಿಗೆ ಮೂರು ಬೆರಳು ತೂರಿಸಿದ, ಏನ್ರೀ ಇದು, ಬೀಗಕ್ಕೋ ಬೆಕ್ಕಿಗೋ ಅಂದ, ಅಣ್ಣ ಒಂದು ಕ್ಷಣವೂ ತಡಮಾಡಲಿಲ್ಲ, ವಯಸ್ಸಾಯ್ತು ಸಾರ್, ಕಣ್ಣು ಮಂಜು, ನಂಬರ್ ಸರಿಯಾಗಿ ಕಾಣಲಿಲ್ಲ. ಕಣ್ಣು ಮಂಜಂತೆ. ಎರಡು ಬೀದಿ ಆಚೆ ಬರುವ ಬಸ್ಸಿನ ನಂಬರ್ ಓದುವ ಮನುಷ್ಯ. ನಾನು ಬಾಯಿ ಬಿಡಲಿಲ್ಲ, ಬಾಯಲ್ಲಿ ಸ್ಕ್ರೂ ಇದ್ದವು, ನಾಲ್ಕು ಸ್ಕ್ರೂ ಉಗುಳಲು ಎಷ್ಟು ಹೊತ್ತು ಬೇಕು, ಮೂರು ದಿನ ಬೇಕಾಯಿತು.

ಸುಳ್ಳು ಹೇಳಿದವನಿಗೆ ಅದನ್ನು ಸಾಕುವ ಕೆಲಸವೂ ಬೀಳುತ್ತದೆ, ಅಣ್ಣ ಸಾಕುತ್ತಿದ್ದಾನೆ, ಪೇಪರನ್ನು ತೋಳುದ್ದ ದೂರ ಹಿಡಿಯುತ್ತಾನೆ, ಅತ್ತಿಗೆ ಕೋಣೆಗೆ ಬಂದರೆ ಇನ್ನೂ ಒಂದಿಂಚು ದೂರ, ಅವಳು ಪಾಪ ಬೆಳಿಗ್ಗೆ ಎದ್ದು ಪೇಪರಿನ ತಲೆಬರಹಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಕಣ್ಣು ಮಂಜಾದರೆ ಕಿವಿಯೂ ಮಂದವಾಗಿರುತ್ತದೆ ಅನ್ನುವ ಹಾಗೆ, ಬೀದಿಗೆಲ್ಲ ಸುದ್ದಿ ಮುಟ್ಟುತ್ತಿದೆ. ಇವತ್ತು ಒಂಬತ್ತೂವರೆಗೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾಳೆ. ನಿನ್ನೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ, ನೋಡು, ನಿಮ್ಮಣ್ಣ ಮನೇಲಿರೋ ಬಾಗಿಲುಗಳನ್ನೆಲ್ಲ ಸವರಿ ಸವರಿ ನೋಡ್ತಿದಾರೆ, ಕುರುಡರ ಥರ, ನನಗೆ ಕೈಕಾಲೇ ಆಡ್ತಿಲ್ಲ ಕಣೆ — ಅದು ಕುರುಡಲ್ಲ ಅತ್ತಿಗೆ, ಅದು ಕೆಲಸವಿಲ್ಲದ ಕೈ, ಅಂತ ಹೇಳಬೇಕಿತ್ತು, ಹೂಂ ಅಂದೆ. ಗಡಿಯಾರ ನಿನ್ನೆ ಫೋನಿನಲ್ಲಿ, ಹದಿಮೂರು ಬಾಗಿಲು ನೀನೊಬ್ಬಳೇ ಬಂದು ಮಾಡು, ನಿಮ್ಮಣ್ಣ ಮನೇಲಿರ್ಲಿ, ಇನ್ಮೇಲೆ ಮನೇಲೇ ಇರ್ಲಿ, ಏನಂತೀಯ. ಅದಕ್ಕೂ ಹೂಂ ಅಂದೆ. ಮೂವತ್ತೆಂಟು ವರ್ಷ ಈ ಊರಿನ ಬಾಗಿಲುಗಳಿಗೆ ಬೀಗ ಕೂರಿಸಿದವನನ್ನು ಎರಡು ಹೂಂ ಸೇರಿ ಮನೆಯಲ್ಲಿ ಕೂರಿಸಿದವು, ಆ ಎರಡೂ ನನ್ನವು. ಸಾಕು.

ಸಾಕು ಅಂದರೆ ಸಾಕು, ಕತ್ತರಿಸಿದ ಫೋಮ್ ಹಾಳೆ ಪೆಟ್ಟಿಗೆಯ ತಟ್ಟೆಗೆ ಸರಿಯಾಗಿ ಕೂತಿದೆ, ಹಳೆಯ ಫ್ರಿಜ್ ಬಂದ ಡಬ್ಬದ್ದು, ದಪ್ಪಗಿದೆ, ಬಿಗಿಯಾಗಿದೆ. ಬಳೆಯನ್ನು ಹಲ್ಲು ಕೆಳಗಾಗಿ ಒತ್ತಿ ಕೈಯಿಂದಲೇ ತಿರುಗಿಸಿದರೆ ತನ್ನ ಗೂಡು ತಾನೇ ಕೊರೆದುಕೊಳ್ಳುತ್ತದೆ, ಇಷ್ಟು ಸುಲಭದ ಉಪಾಯ ಹನ್ನೆರಡು ವರ್ಷ ಎಲ್ಲಿತ್ತೋ — ಪುಟ್ಟಿಯ ಗೂಡು ಹಿಡಿಯ ಪಕ್ಕ, ಅವಳ ಪಕ್ಕ ಎಪ್ಪತ್ತಾರು, ಯಾಕೆ ಎಪ್ಪತ್ತಾರು ಅಂತ ಈಗ ಗೊತ್ತಾಗುತ್ತಿದೆ, ಹಿಡಿ ಹಿಡಿದು ಪೆಟ್ಟಿಗೆ ಎತ್ತಿದಾಗ ಭಾರ ಅತ್ತಿತ್ತ ವಾಲುವುದಿಲ್ಲ, ಇಪ್ಪತ್ತು ಇಲ್ಲಿ ಯಾಕೆಂದರೆ ಅದು ವೈರಿನ ತೂತಿಗೆ, ಎಡಗೈಯಲ್ಲಿ ತೆಗೆಯಬೇಕು, ಬಲಗೈಯಲ್ಲಿ ವೈರ್ ಇರುತ್ತದೆ, ಅಣ್ಣ ಸಂತೆ ಮಾಡಿರಲಿಲ್ಲ, ಅಳತೆಯ ಪ್ರಕಾರ ಇಟ್ಟಿರಲಿಲ್ಲ ಅಷ್ಟೇ, ಕೆಲಸದ ಪ್ರಕಾರ ಇಟ್ಟಿದ್ದ, ನಾನು ಒಂದು ಮಧ್ಯಾಹ್ನದಲ್ಲಿ ಅದನ್ನೆಲ್ಲ ಚಂದ ಮಾಡಿಬಿಟ್ಟೆ. ಮಾವ ತಳಕ್ಕೆ, ಚಿಂದಿಬಟ್ಟೆಯ ಕೆಳಗೆ, ನಮಸ್ಕಾರ. ಕೊನೆಗೆ ಬಲಮೂಲೆ. ಐವತ್ನಾಲ್ಕನ್ನು ಇಟ್ಟು, ಅಂಗೈ ಒತ್ತಿ, ಎಡಕ್ಕೆ, ಬಲಕ್ಕೆ, ಬಿಳಿ ಪುಡಿ ಉದುರುತ್ತದೆ, ಎಡಕ್ಕೆ, ಬಲಕ್ಕೆ, ತಳ ಮುಟ್ಟಿತು, ಎತ್ತಿದೆ, ಬಿಲ್ಲೆ ತೆಗೆದೆ, ಮತ್ತೆ ಕೂರಿಸಿದೆ, ಅಲುಗುವುದಿಲ್ಲ. ಮಾವನನ್ನು ಪರೀಕ್ಷೆಗೆ ಅಂತ ಅದೇ ಗೂಡಿಗೆ ಒತ್ತಿ ನೋಡುತ್ತೇನೆ, ಹೋಗುವುದಿಲ್ಲ, ಮೇಲೆಯೇ ಕೂತು ಮುಚ್ಚಳ ಮುಚ್ಚಲು ಬಿಡುವುದಿಲ್ಲ, ಭೇಷ್, ಇನ್ನು ಯಾರು ಎಷ್ಟು ಚಂದ ಮಾಡಲು ಹೋದರೂ ಮೂಲೆಯೇ ಬೇಡ ಅನ್ನುತ್ತದೆ. ಈ ಪೆಟ್ಟಿಗೆ ನನ್ನ ಕೈಗಲ್ಲ, ಅವನ ಕೈಗೆ. ನಾನೊಬ್ಬಳೇ ಹೋಗುವುದಾದರೆ ಹೀಗೆ ಜೋಡಿಸುವ ಅಗತ್ಯವೇ ಇರಲಿಲ್ಲ, ಅಂದರೆ ಕೈಗಳು ಆಗಲೇ ತೀರ್ಮಾನ ಮಾಡಿವೆ, ಬಾಯಿಯೊಂದು ಬಾಕಿ. ಏಳು ಐವತ್ತು. ಪಕ್ಕದ ಕೋಣೆಯಲ್ಲಿ ಅತ್ತಿಗೆ ಹವಾಮಾನ ಓದುತ್ತಿದ್ದಾಳೆ, ಅಣ್ಣನ ಮುಖ ಇಲ್ಲಿಂದ ಕಾಣುವುದಿಲ್ಲ, ತೋಳುದ್ದ ಪೇಪರ್ ಅಷ್ಟೇ. ಫೋನ್ ಎತ್ತಿಕೊಂಡೆ, ಗಡಿಯಾರ ಮೂರನೆಯ ರಿಂಗಿಗೇ ತೆಗೆದ, ಹೇಳಮ್ಮ, ಬೇಗ ಹೇಳು, ಮಣಿಕಟ್ಟು ನೋಡಿಕೊಳ್ಳುತ್ತಿರಬೇಕು, ನೋಡಿಕೊಳ್ಳಲಿ, ಬಾಯಲ್ಲಿ ಸ್ಕ್ರೂ ಇಲ್ಲ, ಇನ್ನೆಂಥ ನೆಪ, ಬೇಕೆಂದೇ ಗಟ್ಟಿಯಾಗಿ ಹೇಳುತ್ತೇನೆ, ಬೀದಿಗೆಲ್ಲ ಮುಟ್ಟಲಿ, ಸಾರ್, ಸೋಮವಾರದ ಬಾಗಿಲು ಹಾಳು ಮಾಡಿದ್ದು ನಾನು, ಪೆಟ್ಟಿಗೇಲಿ ಬಳೆಗಳ ಜಾಗ ಬದಲಾಯಿಸಿದ್ದು ನಾನು, ಅಣ್ಣನಿಗೆ ಹೇಳಿರಲಿಲ್ಲ, ಅವನ ಕಣ್ಣಿಗೇನೂ ಆಗಿಲ್ಲ, ಒಂಬತ್ತಕ್ಕೆ ಇಬ್ಬರೂ ಬರ್ತೀವಿ, ಬೇಡ ಅಂದ್ರೆ ಇಬ್ಬರೂ ಬರಲ್ಲ. ಹವಾಮಾನ ಅರ್ಧಕ್ಕೆ ನಿಂತಿತು. ಫೋನಿನಲ್ಲಿ ಯಾರೋ ಸುತ್ತಿಗೆ ಬಡಿಯುವ ಸದ್ದು, ಅದರ ನಡುವೆ ಗಡಿಯಾರ, ಒಂಬತ್ತು ಅಂದ್ರೆ ಒಂಬತ್ತು, ಒಂಬತ್ತೂ ಐದು ಅಲ್ಲ, ಅಂದು ಇಟ್ಟುಬಿಟ್ಟ, ಹೌದು ಅಂದನೋ, ಹೌದೇ ಇರಬೇಕು, ಇಬ್ಬರಿಗೂ ಅಂದನೋ, ಡಾಕ್ಟರಿಗೆ ಫೋನ್ ಮಾಡಬೇಕು, ಅತ್ತಿಗೆಯ ಮುಖ ನೋಡಬೇಕು, ನೋಡುತ್ತೇನೆ, ಒಂದು ನಿಮಿಷ, ಪೇಪರಿನ ಅಂಚು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದೆ, ಅದರಾಚೆ ಒಂದು ಬಿಳಿಯ ಹುಬ್ಬುಕೂದಲು, ಕೆಳಗೆ ಅಣ್ಣನ ಕಣ್ಣು, ಒಂದೇ ಕಣ್ಣು, ಪೆಟ್ಟಿಗೆಯ ಬಲಮೂಲೆಯನ್ನು ನೋಡುತ್ತದೆ, ನನ್ನನ್ನು ನೋಡುತ್ತದೆ, ಮುಚ್ಚಿ, ತೆರೆಯುತ್ತದೆ —