ಬಾಲದ ಹಗ್ಗ

ಈ ಕತೆಯನ್ನು ಮೊದಲು ಹೇಳಿದವನು, ಮನೆಸಾಮಾನು ಸಾಗಿಸುವವರ ನಡುವೆ ‘ಹಗ್ಗದವನು’ ಎಂದೇ ಹೆಸರಾದ ಒಬ್ಬ ಹಿರಿಯ. ಹೇಳಿದ್ದು, ಲಾರಿ ಕೆಟ್ಟು ಕೆಲಸ ನಿಂತಿದ್ದ ಒಂದು ಮಧ್ಯಾಹ್ನ, ಷೆಡ್ಡಿನ ನೆರಳಿನಲ್ಲಿ. ಅವನ ಜೊತೆಗಾರ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಇದನ್ನೇ ಆಮೇಲೆ ಬಡಗಿಯ ಬಾಯಿಂದ ಕೇಳಿದವರಿದ್ದಾರೆ, ನಡುಮಹಡಿಯ ದರ್ಜಿಯ ಬಾಯಿಂದ ಕೇಳಿದವರೂ ಇದ್ದಾರೆ. ಅಲ್ಲೊಂದು ಇಲ್ಲೊಂದು ಎಳೆ ಹೆಚ್ಚುಕಡಿಮೆಯಾದರೂ ನೇಯ್ಗೆ ಒಂದೇ. ಹಗ್ಗದವನು ಸತ್ತವನ ಹುಟ್ಟಿನಿಂದ ಆರಂಭಿಸಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡ ಶವಪೆಟ್ಟಿಗೆಯಿಂದ ಆರಂಭಿಸಿದ.

*

“ನಿಲ್ಲಿ. ಹಿಂದಕ್ಕೆ ತಗೊಳ್ಳಿ. ಇದು ಹೋಗಲ್ಲ.”

ಪೆಟ್ಟಿಗೆಯ ಕಾಲಿನ ತುದಿ ಗೋಡೆಗೆ ತಾಗಿತ್ತು, ತಲೆಯ ತುದಿ ಕಂಬಕ್ಕೆ. ಸುರುಳಿ ಮೆಟ್ಟಿಲಿನ ಮೊದಲ ತಿರುವಿನಲ್ಲೇ ಹೊತ್ತವರ ಉಸಿರು ಸಿಕ್ಕಿಕೊಂಡಿತ್ತು. ನಿಲ್ಲಿಸಿ ನೋಡಿದರು, ವಾಲಿಸಿ ನೋಡಿದರು. ಇನ್ನೊಂದಿಷ್ಟು ವಾಲಿಸುವಷ್ಟರಲ್ಲಿ ಮೇಲಿನ ಬಾಗಿಲಿನಿಂದ ಸತ್ತವನ ಹೆಂಡತಿಯ ದನಿ ಬಂತು.

“ಅವರನ್ನ ತಲೆಕೆಳಗೆ ಮಾಡ್ಬೇಡಿ.”

ಪೆಟ್ಟಿಗೆಯನ್ನು ಮತ್ತೆ ಕೋಣೆಗೆ ತಂದು, ಎರಡು ಸ್ಟೂಲುಗಳ ಮೇಲೆ, ಮೊದಲಿದ್ದಂತೆಯೇ ಇಟ್ಟರು. ಆಗ ಎಲ್ಲರೂ ಒಟ್ಟಿಗೆ ಬಡಗಿಯ ಮುಖ ನೋಡಿದರು. ಬಡಗಿ ತನ್ನ ಕೈಗಳನ್ನು ನೋಡಿಕೊಂಡ.

ಆದದ್ದು ಇಷ್ಟು. ಸತ್ತವನು ಬಡಗಿಯ ಜೀವದ ಗೆಳೆಯ. ಪೆಟ್ಟಿಗೆಯನ್ನು ಅವನ ಎದುರಿಗೇ, ಅವನಿಗೆ ಕೇಳಿಸುವ ಹಾಗೆ ಮಾಡಬೇಕೆಂದು ಬಡಗಿಗೆ ಅನ್ನಿಸಿತು. ಹಲಗೆಗಳನ್ನು ಬಿಡಿಬಿಡಿಯಾಗಿ ಮೇಲೆ ಹೊತ್ತು ತಂದ. ಹಲಗೆಗಳು ಮೆಟ್ಟಿಲಿನ ತಿರುವುಗಳನ್ನು ಹಾವಿನಂತೆ ದಾಟಿ ಬಂದವು. ಬೆಳಗಿನಿಂದ ಕೋಣೆಯಲ್ಲೇ ಕೂತು ಕೀಲು ಕೂರಿಸಿದ, ಅಂಟು ಹಾಕಿದ, ಅಂಚು ನಯಗೊಳಿಸಿದ. ಸುತ್ತ ಕೂತಿದ್ದವರೆಲ್ಲ ಸಾಮಾನು ಸಾಗಿಸುವವರೇ. ಬಾಗಿಲು ಕಂಡರೆ ಅಗಲ ಅಳೆಯುವ ಕಣ್ಣಿನವರು. ಒಬ್ಬನಿಗಾದರೂ, ‘ಅಣ್ಣಾ, ಇದು ಇಳಿಯೋದು ಹೇಗೆ?’ ಎಂದು ಹೊಳೆಯಲಿಲ್ಲ. ಅಳುವ ಕಣ್ಣು ಅಳೆಯುವುದಿಲ್ಲ ಎಂದು ಹಗ್ಗದವನು ಇಲ್ಲಿ ಸೇರಿಸಿದ. ಬಡಗಿಯ ಕಡೆಯವರು ಹೇಳುವಾಗ, ಮೇಲೆಯೇ ಮಾಡು ಎಂದವಳು ಹೆಂಡತಿ ಎನ್ನುತ್ತಾರೆ, ಅದು ಇರಲಿಕ್ಕಿಲ್ಲ.

*

ಆ ಮನೆಗೆ ಬೀದಿಯವರು ಇಟ್ಟ ಹೆಸರು ಹೂಜಿ ಮನೆ. ಹೆಸರಿಗೆ ತಕ್ಕ ರೂಪ. ನೆಲಮಹಡಿ ಕಿರಿದು; ಅದರ ಮೇಲಿನದು ಹೊಟ್ಟೆಯ ಹಾಗೆ ಬೀದಿಯ ಮೇಲಕ್ಕೆ ಉಬ್ಬಿಕೊಂಡದ್ದು; ಎಲ್ಲಕ್ಕಿಂತ ಮೇಲೆ, ನೀಳವಾದ ಕತ್ತು. ಕಟ್ಟಿಸಿದವನು ಹಿಂದೆಂದೋ ಇದ್ದ ಒಬ್ಬ ಪಿಂಗಾಣಿ ವ್ಯಾಪಾರಿಯಂತೆ. ಸಾಗಣೆಯಲ್ಲಿ ಒಡೆದ ತಟ್ಟೆ, ಬಟ್ಟಲು, ಬಿಲ್ಲೆಗಳನ್ನೆಲ್ಲ ಎಸೆಯಲಾರದೆ ಗೋಡೆಗೆ ಮೆತ್ತಿಸಿದ. ಕೆಳಗೆ ಮಣ್ಣಿನ ಕಂದು, ಹೊಟ್ಟೆಗೆ ಬರುವಷ್ಟರಲ್ಲಿ ಹಸಿರು, ಅಲ್ಲಿಂದ ನೀಲಿ, ಕತ್ತಿನಲ್ಲಿ ಹಾಲುಬಿಳಿ. ಕಿಟಕಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಕತ್ತಿನ ಕಿಟಕಿಯ ಮೇಲೆ ಒಂದು ದಪ್ಪ ತೊಲೆ ಬೀದಿಯ ಕಡೆಗೆ ಚಾಚಿಕೊಂಡಿತ್ತು, ಅದರ ತುದಿಗೊಂದು ಕಬ್ಬಿಣದ ಕೊಕ್ಕೆ. ಹೂಜಿಯ ಮುಚ್ಚಳ ನೇತುಹಾಕಲಿಕ್ಕೆ ಎಂದು ಬೀದಿಯವರು ನಗುತ್ತಿದ್ದರು.

ಸತ್ತವನು ಹೆಂಡತಿಯ ಜೊತೆ ಬಾಳಿದ್ದು ಈ ಕತ್ತಿನಲ್ಲಿ. ಅವನ ಅಡ್ಡಹೆಸರು ನೋಡಣ್ಣ. ಬೆನ್ನ ಮೇಲೆ ಸೋಫಾ ಇದ್ದರೂ ನಡುದಾರಿಯಲ್ಲಿ ನಿಂತು, “ಆ ಮನೆ ನೋಡು, ಮೂಲೇನೇ ಇಲ್ಲ,” ಎನ್ನುತ್ತಿದ್ದ. ಸೋಫಾದ ಇನ್ನೊಂದು ತುದಿ ಹಿಡಿದವನು ಬೈಯುತ್ತಿದ್ದ. ಹಡಗಿನಂತೆ ಮೂತಿ ಚಾಚಿದ ಮನೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿಮನೆ, ನೀರಿನ ತೊಟ್ಟಿಗೆ ಕಿಟಕಿ ಕೊರೆದು ಸಂಸಾರ ಹೂಡಿದವರ ಮನೆ, ಅವನಿಗೆ ಎಲ್ಲದರ ಒಳಗೂ ಗೊತ್ತಿತ್ತು. ಆದರೆ ಹೆಚ್ಚಿನವನ್ನು ಅವನು ಕಂಡದ್ದು ಯಾರದೋ ಮಂಚದ ಅಡಿಯಿಂದ.

*

ಮದುವೆಯ ಹೊಸತರಲ್ಲಿ ರಜೆಯ ದಿನ ಅವನು ಹೆಂಡತಿಯನ್ನು ತಿರುಗಾಡಿಸಲು ಕರೆದೊಯ್ಯುತ್ತಿದ್ದ. ಅವಳು ಒಳ್ಳೆಯ ಸೀರೆ ಉಟ್ಟು, ಅಂಗಡಿ ಬೀದಿಯೋ ತೋಟವೋ ಎಂದುಕೊಂಡು ಹೊರಡುತ್ತಿದ್ದಳು. ಅವನು ಯಾವುದೋ ಮನೆಯ ಎದುರು ನಿಲ್ಲಿಸಿ, “ನೋಡು,” ಎನ್ನುತ್ತಿದ್ದ.

“ಏನು ನೋಡೋದು, ಗೋಡೆ.”

“ಗೋಡೇನೇ. ಹೇಗೆ ತಿರುಗಿದೆ ನೋಡು.”

“ನನ್ನ ಕಾಲು ತಿರುಗ್ತಿದೆ.”

ಆಮೇಲೆ ಒಂದು ದಿನ, ಹೂಜಿ ಮನೆಯ ಕತ್ತು ಬಾಡಿಗೆಗಿದೆ ಎಂದು ಸುದ್ದಿ ತಂದ. ಅವನ ಮುಖ ನೋಡಿ ಅವಳಿಗೆ ಬೇಡ ಎನ್ನಲಾಗಲಿಲ್ಲ. ಒಂದೇ ಪಟ್ಟು ಹಿಡಿದಳು: ತನ್ನ ತಾಯಿಯ ಅಲ್ಮೆರಾ ಜೊತೆಗೆ ಬರಬೇಕು. ಅಲ್ಮೆರಾ ಮೆಟ್ಟಿಲಿನಲ್ಲಿ ಹೋಗುವ ವಸ್ತುವಲ್ಲ. ಅವನು ಬೀದಿಯಲ್ಲಿ ನಿಂತು ಮೇಲಿನ ಕೊಕ್ಕೆಯನ್ನು ತೋರಿಸಿದ.

“ಕಟ್ಟಿದವನಿಗೆ ಗೊತ್ತಿತ್ತು ಕಣೆ. ಮೆಟ್ಟಿಲು ಇಕ್ಕಟ್ಟಾಯ್ತು ಅಂತ, ತಪ್ಪಾಯ್ತು ಅನ್ನೋ ಹಾಗೆ ಕೊಕ್ಕೆ ಇಟ್ಟು ಹೋಗಿದಾನೆ.”

ಭಾರವನ್ನು ರಾಟೆಯಿಂದ ಎತ್ತುವಾಗ ಅದಕ್ಕೆ ಇನ್ನೊಂದು ಹಗ್ಗ ಕಟ್ಟುತ್ತಾರೆ. ಅದರ ಹೆಸರು ಬಾಲ. ಬಾಲ ಹಿಡಿದವರು ಬೀದಿಯ ಆಚೆ ಬದಿಯಲ್ಲಿ ನಿಂತು ಎಳೆದುಕೊಳ್ಳುತ್ತಿರಬೇಕು, ಭಾರ ಗೋಡೆಗೆ ತಾಗದಂತೆ. ಹೊಟ್ಟೆ ಉಬ್ಬಿದ ಮನೆಗಂತೂ ಬಾಲವೇ ಪ್ರಾಣ. ಆ ದಿನ ಕೈ ಕಡಿಮೆಯಿತ್ತು. ಅವನು ಬಾಲವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅಲ್ಮೆರಾದ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ. ಅದು ನೀಲಿಯ ಹತ್ತಿರ ಬರುವಾಗ ಹೆದರಿ ಕೈ ಸಡಿಲಿಸಿದಳು. ಅಲ್ಮೆರಾದ ಮೂಲೆ ಹೊಟ್ಟೆಗೆ ಬಡಿದು ಒಂದು ನೀಲಿ ಬಿಲ್ಲೆ ಸೀಳಿ ಬೀದಿಗೆ ಬಿತ್ತು.

ಅವನು ಬೈಯಲಿಲ್ಲ. ಚೂರನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಇಷ್ಟೇ ಹೇಳಿದ:

“ಬಾಲ ಹಿಡಿದೋರು ಸಾಮಾನು ನೋಡ್ಬಾರದು. ಗೋಡೆ ನೋಡ್ಬೇಕು.”

ಅಲ್ಮೆರಾ ಮೇಲೆ ಬಂತು. ದುಂಡು ಗೋಡೆಗೆ ಅದರ ಬೆನ್ನು ಎಂದೂ ಕೂರಲಿಲ್ಲ. ಹಿಂದಿನ ಸಂದಿಗೆ ಬಾಚಣಿಗೆ ಬಿತ್ತು, ಮಗಳ ಚೆಂಡು ಬಿತ್ತು, ಒಮ್ಮೆ ನೆರೆಯ ಬೆಕ್ಕೂ ಬಿತ್ತು. ಬಿದ್ದಾಗಲೆಲ್ಲ ಅವಳು ಮನೆಯನ್ನು ಬೈದಳು.

ಅವನು ಮಾತ್ರ ದಿನವೂ ಕೆಲಸಕ್ಕೆ ಇಳಿದವನು ಬೀದಿ ದಾಟಿ, ಆಚೆ ಬದಿಯಲ್ಲಿ ನಿಂತು, ತಲೆ ಎತ್ತಿ ಮನೆಯನ್ನೊಮ್ಮೆ ಪೂರ್ತಿ ನೋಡಿಯೇ ಹೋಗುತ್ತಿದ್ದ. ಆ ಹೊತ್ತಿಗೆ ಅವಳು ಕಿಟಕಿಯಲ್ಲಿ ಹಾಸಿಗೆಯ ಬಟ್ಟೆ ಕೊಡವುತ್ತಿರುತ್ತಿದ್ದಳು. ಗಂಡ ನಿಂತದ್ದು ಕಂಡು, “ಏನು ಮರೆತ್ರಿ?” ಎಂದು ಕೂಗುತ್ತಿದ್ದಳು. ಅವನು ಏನೂ ಇಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದ.

ಸಂಜೆಯ ಬಿಸಿಲು ಗೋಡೆಗೆ ಬೀಳುವಾಗ ಒಮ್ಮೆ ತನ್ನ ಜೊತೆ ಆಚೆ ಬದಿಗೆ ಬಂದು ನೋಡು ಎಂದು ಅವನು ಕರೆಯುತ್ತಲೇ ಇದ್ದ. ಒಲೆಯ ಮೇಲೆ ಏನಾದರೂ ಇರುತ್ತಿತ್ತು. ಮಗಳಿಗೆ ಜ್ವರವಿರುತ್ತಿತ್ತು. “ನಾಳೆ ನೋಡೋಣ. ಮನೆ ಎಲ್ಲಿ ಓಡಿ ಹೋಗುತ್ತೆ?” ಎನ್ನುತ್ತಿದ್ದಳು. ಮನೆ ಓಡಿ ಹೋಗಲಿಲ್ಲ.

*

“ಕುರ್ಚಿ ಮೇಲೆ ಕೂರಿಸಿ ಇಳಿಸೋಣ,” ಎಂದಳು ಮಗಳು. “ಕೆಳಗೆ ಹೋದ ಮೇಲೆ ಪೆಟ್ಟಿಗೇಲಿ ಇಟ್ಟರಾಯ್ತು.”

“ಪೆಟ್ಟಿಗೆ ಇಳಿದರಲ್ವೇ ಇಡೋದು,” ಎಂದ ಅಳಿಯ.

ಬಡಗಿ ಪೆಟ್ಟಿಗೆ ಬಿಚ್ಚುತ್ತೇನೆಂದು ಎದ್ದ. ಅಂಟು ಕಚ್ಚಿಕೊಂಡಿತ್ತು. ಬಿಚ್ಚುವುದೆಂದರೆ ಒಡೆಯುವುದೇ. ಅವನು ಉಳಿ ಹಿಡಿದು ನಿಂತ, ಕೈ ಏಳಲಿಲ್ಲ. ಹೆಂಡತಿ ಅವನ ಕೈಯಿಂದ ಉಳಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಆಗ ಹಗ್ಗದವನು ಕಿಟಕಿಯಿಂದ ಹೊರಗೆ, ಮೇಲಕ್ಕೆ ನೋಡಿದ. ಅವನು ಏನು ನೋಡುತ್ತಿದ್ದಾನೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಅವಳಿಗೂ.

“ಬೇಡ,” ಎಂದಳು. “ಅವರೇನು ಅಲ್ಮೆರಾನಾ, ಹಗ್ಗ ಕಟ್ಟಿ ಇಳಿಸೋಕೆ? ಬೀದಿಯೋರೆಲ್ಲ ನಿಂತು ನೋಡೋಕೆ?”

ಯಾರೂ ಒತ್ತಾಯಿಸಲಿಲ್ಲ. ಕೆಳಗೆ ಹೆಣದ ಬಂಡಿ ಕಾಯುತ್ತಿತ್ತು. ಬಂಡಿಯವನು ಎರಡು ಸಲ ಮೇಲೆ ಬಂದು, ಮುಖಗಳನ್ನು ನೋಡಿ ಇಳಿದುಹೋದ. ಕೆಳಗೆ ಹೊಟ್ಟೆಯ ಮಹಡಿಯಲ್ಲಿದ್ದ ದರ್ಜಿ ಎಲ್ಲರಿಗೂ ನೀರು ತಂದುಕೊಟ್ಟಳು. ಕತ್ತಿನ ಕೋಣೆ ಚಿಕ್ಕದು. ಬದುಕಿದ್ದವರು ಗೋಡೆಗಂಟಿ ನಿಂತರೆ ಸತ್ತವನಿಗೆ ಜಾಗ. ಮಗಳು ತಾಯಿಯ ಪಕ್ಕ ಕೂತು, ಇಂದೇ ತಮ್ಮ ಮನೆಗೆ ಹೊರಟುಬಿಡು, ಅಲ್ಲಿ ಗೋಡೆಗಳಾದರೂ ನೆಟ್ಟಗಿವೆ ಎಂದಳು. ತಾಯಿ ಆಗಲೆಂದು ತಲೆಯಾಡಿಸಿದಳು. ಅದು ಮೊದಲೇ ಆಡಿ ಮುಗಿದ ಮಾತು. ಬಾಗಿಲ ಬಳಿ ಅವಳ ಗಂಟು ಸಿದ್ಧವಿತ್ತು.

ಹಗ್ಗದವನು ಬಾಗಿಲ ಚೌಕಟ್ಟಿಗೆ ಒರಗಿ, ಅವಳ ಮುಖ ನೋಡದೆ ಹೇಳಿದ:

“ಅತ್ತಿಗೆ, ಕೆಲಸದಲ್ಲಿ ಅಣ್ಣನ ಒಂದು ಮಾತಿತ್ತು. ಕಟ್ಟಿದವನು ಯಾವ ದಾರಿ ಇಟ್ಟಿದಾನೋ ಅದೇ ದಾರಿ. ಮೆಟ್ಟಿಲು ನಡೆಯೋರಿಗೆ, ಕೊಕ್ಕೆ ಹೊತ್ಕೊಂಡು ಹೋಗಬೇಕಾದ್ದಕ್ಕೆ. ಅಣ್ಣ ಇನ್ನು ನಡೆಯಲ್ಲ.”

ಅವಳು ಎದ್ದು ಕಿಟಕಿಯಿಂದ ಕೆಳಗೆ ಬೀದಿಯನ್ನು ನೋಡಿದಳು. ಆಮೇಲೆ ಕೇಳಿದಳು:

“ಬಾಲ ಯಾರು ಹಿಡೀತಾರೆ?”

“ನಮ್ಮ ಹುಡುಗರು ಇದಾರೆ.”

“ಅವರು ಹಿಂದೆ ಇರ್ಲಿ,” ಎಂದಳು. “ಮುಂದೆ ನಾನಿರ್ತೀನಿ.”

*

ರಾಟೆ ತಂದು ಕೊಕ್ಕೆಗೆ ಸಿಕ್ಕಿಸುವಷ್ಟರಲ್ಲಿ ಬಿಸಿಲು ತಿರುಗಿತ್ತು. ಪೆಟ್ಟಿಗೆಗೆ ಕಂಬಳಿ ಸುತ್ತಿದರು, ಕನ್ನಡಿ ಬೀರುವಿಗೆ ಸುತ್ತುವ ಹಾಗೆ, ಮೂಲೆ ಮೂಲೆಗೂ. ಬಡಗಿ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕಿಟಕಿಯ ಬಾಗಿಲುಗಳನ್ನು ಕಳಚಿಟ್ಟು, ಪೆಟ್ಟಿಗೆಯನ್ನು ಕಟ್ಟೆಯ ಮೇಲಿಂದ ಮೆಲ್ಲನೆ ಜಾರಿಸಿದರು. ಅದು ತೊಲೆಯ ಕೆಳಗೆ ಒಮ್ಮೆ ತೂಗಿ ಸ್ಥಿರವಾಯಿತು.

ಬೀದಿಯಾಚೆ ಬದಿಯಲ್ಲಿ ಅವಳು ಬಾಲ ಹಿಡಿದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಬೆನ್ನ ಹಿಂದೆ ಇಬ್ಬರು ಗಟ್ಟಿಯಾಳುಗಳು ಅದೇ ಹಗ್ಗ ಹಿಡಿದಿದ್ದರು. ಬೀದಿಯವರು ಸೇರಿದ್ದರು, ಯಾರೂ ನಗುತ್ತಿರಲಿಲ್ಲ.

ಬಿಳಿ ದಾಟಿತು. ನೀಲಿಯ ಹತ್ತಿರ ಹೊಟ್ಟೆ ಮುಂದಕ್ಕೆ ಬರುವಲ್ಲಿ, ಹಿಂದಿನವರಲ್ಲೊಬ್ಬ, “ಅಮ್ಮಾ, ಎಳೀರಿ,” ಎಂದ. ಹೇಳುವ ಮೊದಲೇ ಅವಳು ಎಳೆದಿದ್ದಳು. ಅವಳ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ. ಹಗ್ಗದವನು ಮೇಲಿನಿಂದ ಕಂಡದ್ದು ಇದನ್ನೇ: ಅವಳು ಗೋಡೆ ನೋಡುತ್ತಿದ್ದಳು. ಒಡೆದ ಬಿಲ್ಲೆಯ ಜಾಗ ಬಿಸಿಲಿಗೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಪೆಟ್ಟಿಗೆ ಅದರೆದುರು ಬಂತು.

“ಸ್ವಲ್ಪ ನಿಲ್ಲಿಸಿ,” ಎಂದಳು.

ನಿಲ್ಲಿಸಿದರು. ಭಾರ ಹಿಡಿದವರ ಕೈ ಉರಿಯುತ್ತಿತ್ತು, ಆದರೆ ಯಾರೂ ಯಾಕೆಂದು ಕೇಳಲಿಲ್ಲ. ಗೋಡೆಗೂ ಹಗ್ಗಕ್ಕೂ ನಡುವೆ, ಹೊತ್ತು ಮುಳುಗುವ ಬೆಳಕಿನಲ್ಲಿ, ಅವನು ತನ್ನ ಮನೆಯೆದುರು ಗಾಳಿಯಲ್ಲಿ ನಿಂತ. ಕಂದು, ಹಸಿರು, ನೀಲಿ, ಬಿಳಿ, ಎಲ್ಲವೂ ಹೊತ್ತಿಕೊಂಡಿದ್ದವು. ಹೊಟ್ಟೆಯ ಕಿಟಕಿಯಲ್ಲಿ ದರ್ಜಿ ಕೈಮುಗಿದಿದ್ದಳು.

“ಹ್ಞೂಂ,” ಎಂದಳು ಹೆಂಡತಿ. “ಇಳಿಸಿ.”

ಪೆಟ್ಟಿಗೆ ಎಲ್ಲೂ ತಾಗದೆ ಬಂಡಿಯ ಮೇಲೆ ಕೂತಿತು. ಹುಡುಗರು ಬಾಲ ಬಿಚ್ಚಿ ಸುತ್ತಿಕೊಂಡರು. ಅವಳು ಮಾತ್ರ ನಿಂತಲ್ಲೇ, ತಲೆ ಎತ್ತಿಕೊಂಡೇ ಇದ್ದಳು. ಕತ್ತಿನ ಆ ಕಿಟಕಿ ಬಾಗಿಲಿಲ್ಲದೆ ಖಾಲಿಯಾಗಿತ್ತು. ತುಸು ಹೊತ್ತಿಗೆ ಅದರಲ್ಲಿ ಮಗಳು ಕಾಣಿಸಿಕೊಂಡಳು, ಸುತ್ತಿ ಉಳಿದ ಒಂದು ಕಂಬಳಿಯನ್ನು ಕೊಡವುತ್ತ. ಬೀದಿಯಾಚೆ ನಿಂತ ತಾಯಿಯನ್ನು ಕಂಡು ಕೂಗಿದಳು:

“ಏನಮ್ಮಾ, ಏನಾದ್ರೂ ಮರೆತ್ಯಾ?”

ತಾಯಿ ಏನೂ ಇಲ್ಲವೆಂದು ತಲೆಯಾಡಿಸಿದಳು.

*

ಹಗ್ಗದವನು ಇಲ್ಲಿಗೆ ನಿಲ್ಲಿಸಿ ಬೀಡಿಗಾಗಿ ಜೇಬು ತಡಕಿದ. ಕೇಳುತ್ತಿದ್ದವರಲ್ಲಿ ಒಬ್ಬಳು, ಲಾರಿಯ ಲೆಕ್ಕ ನೋಡುವವಳು, ಅಲ್ಮೆರಾ ಆಮೇಲೆ ಇಳಿಸಿದಿರಾ ಎಂದು ಕೇಳಿದಳು.

“ಕೇಳ್ದೆ. ಯಾವಾಗ ಬರ್ಲಿ ಅತ್ತಿಗೆ, ಮಗಳ ಮನೆಗೆ ಸಾಗಿಸೋಕೆ, ಅಂತ. ನಾಳೆ ನೋಡೋಣ, ಅದೆಲ್ಲಿ ಓಡಿ ಹೋಗುತ್ತೆ ಅಂದ್ರು. ಇವತ್ತಿಗೂ ಹಾಗೇ ಅಂತಾರೆ.”

ಲಾರಿ ಅಂದು ಸರಿಹೋಗುವ ಹಾಗಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಕೂತವರು ಒಬ್ಬೊಬ್ಬರಾಗಿ ಎದ್ದು, ಪ್ಯಾಂಟಿನ ಧೂಳು ಕೊಡವಿ, ಚೀಲ ಹೆಗಲಿಗೇರಿಸಿ, ಮನೆಯ ದಾರಿ ಹಿಡಿದರು. ಬೀದಿಯ ತಿರುವಿನವರೆಗೂ ಅವರು ಕಾಣುತ್ತಿದ್ದರು. ಅಷ್ಟು ದೂರವೂ ಯಾರೂ ಕಾಲಡಿ ನೋಡಿ ನಡೆಯಲಿಲ್ಲ. ಲೆಕ್ಕದವಳು ಮೇಲೆ ಮನೆಗಳನ್ನು ನೋಡುತ್ತ ಹೋಗಿ ದೀಪದ ಕಂಬಕ್ಕೆ ಢಿಕ್ಕಿ ಹೊಡೆದಳು, ಕಂಬಕ್ಕೆ ನಾಲ್ಕು ಮಾತು ಬೈದಳು, ಹಣೆ ತಿಕ್ಕಿಕೊಂಡು, ಮತ್ತೆ ತಲೆ ಎತ್ತಿಕೊಂಡೇ ನಡೆದಳು.